ಫ್ಯಾನಿಗೆ ಸುತ್ತಿದ ಚೆಂಡುಹೂ

ಅಕ್ಟೋಬರ್ 22, ಬುಧವಾರ. ಪಾಡ್ಯ

ಎಮ್ಮೆಗೆ ಮೇವು, ನನಗೆ ಚಹಾ, ಆಮೇಲೆ ಕಾರಿಗೆ ನೀರು. ಎಂದಿನ ಕ್ರಮ. ಇವತ್ತು ಹಬ್ಬವೆಂದು ಸೋಪು ಹಾಕಿ ತೊಳೆದೆ, ಅಷ್ಟೇ ಹೆಚ್ಚು.

ಹೋದ ದೀಪಾವಳಿಗೆ ಮನೆಯಲ್ಲಿ ಹಬ್ಬ ಇರಲಿಲ್ಲ. ಹೆಂಡತಿ ಅನ್ನವ್ವ ತೀರಿಹೋಗಿ ವರ್ಷ ತುಂಬಿರಲಿಲ್ಲ. ಈ ಸಲ ಮಾಡಲೇಬೇಕು ಎಂದು ಶಾಂಭವಿ ಕಲಘಟಗಿಯಿಂದ ಫೋನಿನಲ್ಲಿ ಗಂಟುಬಿದ್ದಳು. ಮಗಳ ಮಾತು, ಅದೂ ಬಸುರಿ ಮಗಳ ಮಾತು, ಮೀರುವುದು ಹೇಗೆ. ಸಗಣಿಯ ಪಾಂಡವರನ್ನು ಮಾಡಿ ಕೂರಿಸಲು ನನಗೆ ಬಾರದು, ಬಿಟ್ಟೆ. ಅಂಬಾಸಿಡರಿಗೆ ಮಾತ್ರ ಪೂಜೆ — ಫುಲ್. ವಿಭೂತಿ, ಕುಂಕುಮ, ಗಾಲಿಯ ಕೆಳಗೆ ಲಿಂಬೆಹಣ್ಣು. ಮೊದಲು ಇದೆಲ್ಲ ಅನ್ನವ್ವನ ಡಿಪಾರ್ಟ್‌ಮೆಂಟ್. ನಾನು ಬರೀ ಓಡಿಸುವವನು.

ಮುಂದಿನ ಜಾಳಿಗೆಗೆ ಚೆಂಡುಹೂವಿನ ಮಾಲೆ, ಒಂದರ ಮೇಲೊಂದು. ಹಿತ್ತಲಿನಲ್ಲಿ ಈ ಸಲ ಹೂ ಕಡಿಮೆ, ಯಾಕೋ. ಪ್ರತಿ ವರ್ಷ ತಾನಾಗಿಯೇ ಬೆಳೆಯುತ್ತಿತ್ತು, ಬುಟ್ಟಿಗಟ್ಟಲೆ. ಉಳಿದದ್ದನ್ನು ಅಣ್ಣಿಗೇರಿಯ ಸಂತೆಯಿಂದ ತಂದೆ. ಮನೆಯಲ್ಲಿ ದಾರ ಸಿಗಲಿಲ್ಲ. ಗೊಬ್ಬರದ ಚೀಲದಿಂದ ಬಿಚ್ಚಿದ ಪ್ಲಾಸ್ಟಿಕ್ ಸುತಳಿ ಇತ್ತು. ಗಟ್ಟಿ ಮಾಲು. ಅದರಲ್ಲೇ ಪೋಣಿಸಿದೆ. ಜೋತು ಬೀಳಬಾರದೆಂದು ಬಾನೆಟ್ ತೆಗೆದು, ಸುತಳಿಯ ತುದಿಗಳನ್ನು ಒಳಗೆ ರೇಡಿಯೇಟರಿನ ಬಾಜೂಕ್ಕೆ ಎಳೆದು ಬಿಗಿದು ಕಟ್ಟಿದೆ. ಗಾಡಿ ಮದುಮಗನ ಹಾಗೆ ನಿಂತಿತು. ಬ್ಯೂಟಿಫುಲ್.

ಹೋಳಿಗೆ ಜುಲೇಖಾಬಿ ಕಳಿಸಿದಳು. ಬಾಜೂ ಮನೆ. ಅನ್ನವ್ವ ಕಲಿಸಿದ ಕೈ. ಹೂರಣಕ್ಕೆ ಏಲಕ್ಕಿ ಸ್ವಲ್ಪ ಹೆಚ್ಚು — ಅದೂ ಅನ್ನವ್ವನದೇ ಚಟ.


ಅಕ್ಟೋಬರ್ 30, ಗುರುವಾರ

ಶಾಂಭವಿಯ ಫೋನು. ಕುಬಸದ ದಿನ ಗೊತ್ತಾಯಿತು — ನವೆಂಬರ್ ಕೊನೆಯ ಭಾನುವಾರ. ಕುಬಸ ಮುಗಿಸಿ ಬಸುರಿಯನ್ನು ತವರಿಗೆ ಕರೆತರುವುದು ಪದ್ಧತಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ತವರು ಅಂದರೆ ಈಗ ನಾನೊಬ್ಬ. ಮತ್ತು ಎಮ್ಮೆ.

‘ಅಪ್ಪಾ, ನಮ್ಮ ಅತ್ತಿ ದಿನಾ ಕೇಳ್ತಾರ, ನಿಮ್ಮಪ್ಪನ ಕಾರು ಇನ್ನೂ ನಡೀತೈತೇನ ಅಂತ.’

‘ನಡೀತೈತಿ ಅಂದ್ರ? ಓಡತೈತಿ ಅಂತ ಹೇಳ.’

‘ಹೇಳೇನಿ. ಹೇಳಿದ ಕೂಡ್ಲೇ ಸುಮ್ಮನಾಗಿಬಿಡ್ತಾರ. ಮರುದಿನ ಮತ್ತ ಅದನ್ನ ಕೇಳ್ತಾರ.’

ತಿಳಿಯಿತು. ಬೀಗತಿ ರೋಹಿಣಿ ಅಕ್ಕಾರು ಹೆಡ್ ಮಿಸ್ಟ್ರೆಸ್ ಆಗಿ ರಿಟೈರ್ ಆದವರು, ಒಂದು ಮಾತು ವ್ಯರ್ಥ ಆಡುವುದಿಲ್ಲ. ನಮ್ಮದು ಶಲವಡಿ. ಆಸ್ಪತ್ರೆ ಇರುವುದು ಅಣ್ಣಿಗೇರಿಯಲ್ಲಿ. ಮನೆಯಲ್ಲಿ ಹೆಣ್ಣುಮಕ್ಕಳಿಲ್ಲ. ಬಾಗಿಲ ಮುಂದೆ ಕಾರಾದರೂ ಇದ್ದರೆ ಸೊಸೆಯನ್ನು ಕಳಿಸುತ್ತಾರೆ, ಇಲ್ಲದಿದ್ದರೆ ಇಲ್ಲ. ಬಾಯಿಬಿಟ್ಟು ಹೇಳುವುದಿಲ್ಲ, ದೊಡ್ಡ ಮನುಷ್ಯರು. ಇನ್ ಪ್ರಿನ್ಸಿಪಲ್ ಅವರದು ಕರೆಕ್ಟೇ.

ಮದುವೆಯ ಮರುದಿನ ಅವರನ್ನು ನಾನೇ ಹುಬ್ಬಳ್ಳಿಯಿಂದ ಕಲಘಟಗಿಗೆ ಬಿಟ್ಟುಬಂದಿದ್ದೆ. ನನ್ನ ಬಾಜೂ ಸೀಟು. ದಾರಿಯುದ್ದಕ್ಕೂ ಎಡಬಲದ ಹೊಲಗಳ ಪೀಕು ತೋರಿಸಿ ಎಲ್ಲ ವಿವರಿಸಿದೆ. ಅವರು ಕಣ್ಣು ಮುಚ್ಚಿ ‘ಶಿವಾ ಶಿವಾ’ ಅನ್ನುತ್ತಲೇ ಇದ್ದರು. ಬಹಳ ಭಕ್ತಿವಂತೆ. ಮಗಳು ಒಳ್ಳೆಯ ಮನೆ ಸೇರಿದಳು ಎಂದು ಅವತ್ತೇ ಸಮಾಧಾನವಾಗಿತ್ತು.


ನವೆಂಬರ್ 4, ಮಂಗಳವಾರ



ಅಣ್ಣಿಗೇರಿಯಿಂದ ಕಡಲೆ ಬೀಜ ಹಾಕಿಕೊಂಡು ಬರುತ್ತಿದ್ದೆ. ಅರ್ಧ ದಾರಿಯಲ್ಲಿ ಮುಂದಿನಿಂದ ಪಟಪಟ ಸದ್ದು. ಆಮೇಲೆ ಚಟ್ ಎಂದು ಒಂದೇ ಒಂದು. ಹಕ್ಕಿ ಬಡಿಯಿತೇನೋ ಅಂದುಕೊಂಡೆ. ನಿಲ್ಲಿಸಲಿಲ್ಲ. ಬಲಗಡೆ ನಮ್ಮೂರ ಗುಡದಪ್ಪನ ಹೊಲದ ಹತ್ತಿ ಅಗದಿ ಛಲೋ ಒಡೆದಿತ್ತು, ಅದನ್ನೇ ನೋಡುತ್ತ ಬಂದೆ. ಶಾಖ ತೋರಿಸುವ ಮೀಟರಿನ ಕಾಟಾ ಯಾವಾಗ ಏರಿತೋ ನೋಡಿಲ್ಲ. ಬಾನೆಟ್‌ನಿಂದ ಉಗಿ ಎದ್ದಾಗಲೇ ಕಂಡದ್ದು.

ತೆಗೆದು ನೋಡಿದರೆ — ಫ್ಯಾನಿಗೆ ನನ್ನದೇ ಮಾಲೆ. ಹಬ್ಬದ್ದು. ಒಣಗಿ ಜೋತುಬಿದ್ದು, ಒಳಗೆ ಕಟ್ಟಿದ ಗಂಟು ಸಡಿಲಾಗಿ, ಸುತಳಿ ಫ್ಯಾನಿಗೆ ಸಿಕ್ಕು ಸುತ್ತಿ ಸುತ್ತಿ ಬೆಲ್ಟನ್ನೇ ಹರಿದುಹಾಕಿದೆ. ಬೆಲ್ಟು ಹೋದರೆ ನೀರು ತಿರುಗಿಸುವ ಪಂಪು ನಿಲ್ಲುತ್ತದೆ. ಪಂಪು ನಿಂತರೆ ಎಂಜಿನ್ ಬೇಯುತ್ತದೆ. ಇಷ್ಟು ಸೈನ್ಸ್ ಗೊತ್ತಿದ್ದ ಮನುಷ್ಯ ಗಾಬರಿಯಲ್ಲಿ ಕ್ಯಾನಿನ ತಣ್ಣೀರನ್ನು ಕಾದ ಎಂಜಿನ್‌ಗೆ ಸುರಿದೆ. ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ ಚುಂಯ್ ಅಂದಿತು. ಎರಡನೆಯ ತಪ್ಪು.

ಗುಡದಪ್ಪನೇ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದ. ಮಾಲೆ ನೋಡಿ ಅವನಿಗೆ ನಗು.

‘ಏನ್ರಿ ಕಾಶಿನಾಥಪ್ಪಾರ, ಮದುಮಗ ದಿಬ್ಬಣದಾಗ ಮೂರ್ಛಾ ಹೋದನೇನ?’

ನಾನು ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟೆ.

ಒಂದು ಪ್ರಶ್ನೆ ಮಾತ್ರ ಕೊರೆಯುತ್ತಿದೆ. ಇಷ್ಟು ವರ್ಷ ಈ ಹೂ ಏನಾಗುತ್ತಿತ್ತು? ಹಬ್ಬವಾದ ಮೇಲೆ ಒಂದು ದಿನ ನೋಡಿದರೆ ಕಾರು ಬರಿದಾಗಿರುತ್ತಿತ್ತು. ತೆಗೆಯಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ.


ನವೆಂಬರ್ 5, ಬುಧವಾರ

ಜುಲೇಖಾಬಿಯ ಗಂಡ ಹಜರತಅಲಿ ಬಂದು ನೋಡಿದ. ನೋಡಿದ ಅನ್ನುವುದು ಹೇಗೆ — ಕಣ್ಣಿನ ಮೋತಿಬಿಂದು ಆಪರೇಶನ್ ಆಗಿ ಕರಿ ಕನ್ನಡಕ. ಒಂದೇ ಬೆಂಚಿನಲ್ಲಿ ಕೂತು ಕಲಿತವರು ನಾವು. ನಾನು ಧಾರವಾಡದ ಕಾಲೇಜಿಗೆ ಹೋಗಿ ಡಿಗ್ರಿ ಅರ್ಧಕ್ಕೆ ಬಿಟ್ಟು ಬಂದೆ. ಅವನು ಅಣ್ಣಿಗೇರಿಯಲ್ಲಿ ಗ್ಯಾರೇಜ್ ಹಾಕಿದ. ಈಗ ಅದು ಮಗನ ಮೊಬೈಲ್ ಅಂಗಡಿ. ಬಾಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರ್ ಹೇಳಿದ್ದಾರೆ. ಹೊತ್ತು ಹೋಗದೆ ಒದ್ದಾಡುತ್ತಾನೆ.

‘ಲೇ ಕಾಶ್ಯಾ, ಎಣ್ಣಿ ಹಾಕೂ ಮುಚ್ಚಳಾ ತಗಿ. ಒಳಗ ಏನ ಕಾಣತೈತಿ?’

‘ಮಜ್ಜಿಗಿ ಹಂಗೈತಿ.’

‘ಬಿಳೇದೋ?’

‘ಚಹಾ ಸುರುವಿದ ಮಜ್ಜಿಗಿ ಹಂಗ.’

‘ಖಲಾಸ್. ಹೆಡ್ ಗ್ಯಾಸ್ಕೆಟ್ ಹೋತು. ನೀರು ಎಣ್ಣಿ ಒಳಗಿಂದೊಳಗ ಬೀಗತನ ಬೆಳಸ್ಯಾವು.’

ಇಷ್ಟು ಕೆಟ್ಟ ಸುದ್ದಿ ಹೇಳುವವನ ಮುಖದಲ್ಲಿ ಇಂಥ ಕಳೆ ಇರಬಾರದು. ಕನ್ನಡಕ ಏರಿಸಿ ಅಂದ — ‘ಬಿಚ್ಚೂಣು! ನೀನು ನಾನು ಕೂಡಿ ಬಿಚ್ಚೇ ಬಿಡೂಣು!’

ಗೋಡೆಯ ಆಚೆಯಿಂದ ಜುಲೇಖಾಬಿಯ ದನಿ. ‘ಏನ ಬಿಚ್ಚೂಣು? ಬಗ್ಗಬ್ಯಾಡ ಅಂತ ಡಾಕ್ಟರ ಹೇಳಿಲ್ಲೇನ? ಕಣ್ಣು ಕಳಚಿ ಎಂಜಿನ್‌ದಾಗ ಬಿತ್ತಂದ್ರ ನಾ ಹುಡುಕಾಂಗಿಲ್ಲ ನೋಡ!’

‘ನಾ ಬಗ್ಗೂದಿಲ್ಲ ಬೇ, ಕಾಶ್ಯಾ ಬಗ್ತಾನ!’


ನವೆಂಬರ್ 7, ಶುಕ್ರವಾರ

ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಫೋನು ಮಾಡಿ ಕೇಳಿದೆ. ಕೆಲಸ ತುಂಬ ಇದೆಯಂತೆ. ‘ಹೊಸ ವರ್ಷ ಆದ ಮ್ಯಾಲೆ ತರ್ರಿ ಕಾಕಾ. ಹಳೇ ಗಾಡಿ, ಸಾಮಾನು ಹುಡುಕಬೇಕು. ಇಲ್ಲಾಂದ್ರ ತೂಕಕ್ಕ ಹಾಕ್ರಿ, ಛಲೋ ಕಬ್ಬಣ ಐತಿ.’

ತೂಕಕ್ಕೆ. ಶಾಂಭವಿ ಇದೇ ಕಾರಿನ ಹಿಂದಿನ ಸೀಟಿನಲ್ಲಿ ನಿಂತು ಜಗತ್ತು ನೋಡಿದವಳು. ಫೋನು ಇಟ್ಟೆ.

ಅಟ್ಟದ ಮೇಲೆ ಹುಡುಕಿದರೆ ಸಿಕ್ಕಿತು — ಎಂಜಿನ್ ರಿಪೇರಿಯ ಇಂಗ್ಲಿಷ್ ಪುಸ್ತಕ. ಎಂದೋ ಧಾರವಾಡದ ರದ್ದಿ ಅಂಗಡಿಯಲ್ಲಿ ಕೊಂಡದ್ದು. ಗೆದ್ದಲು ಮುಖಪುಟ ತಿಂದಿದೆ, ಎಂಜಿನ್ ಬಿಟ್ಟಿದೆ. ಮೂರು ಸಲ ಓದಿದರೆ ಅರ್ಧ ತಿಳಿಯುತ್ತದೆ. ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದ ಬಗ್ಗೆ ದೊಡ್ಡ ಅಕ್ಷರದಲ್ಲಿ ಒಂದು ವಾಕ್ಯ: ಡು ನಾಟ್ ಡಿಸ್ಟರ್ಬ್ ಅನ್‌ಲೆಸ್ ನೆಸೆಸರಿ. ಅವಶ್ಯ ಇದ್ದರೆ ಮಾತ್ರ ಕೆಣಕು. ಅವಶ್ಯ ಇದೆಯೋ ಇಲ್ಲವೋ — ಅದನ್ನು ಪುಸ್ತಕ ಹೇಳುವುದಿಲ್ಲ.


ನವೆಂಬರ್ 9, ಭಾನುವಾ​ರ

ಬಿಚ್ಚುವುದೋ ಬೇಡವೋ. ಬೆಳಿಗ್ಗೆಯಿಂದ ಇದೇ.

ಫಸ್ಟ್‌ಲಿ — ಬಿಚ್ಚದಿದ್ದರೆ ಕಾರಿಲ್ಲ. ಕಾರಿಲ್ಲದಿದ್ದರೆ ಮಗಳು ಬರುವುದಿಲ್ಲ. ಸೆಕೆಂಡ್‌ಲಿ — ಬಿಚ್ಚಿ, ಜೋಡಿಸಲು ಬಾರದಿದ್ದರೂ ಕಾರಿಲ್ಲ, ಮಗಳು ಬರುವುದಿಲ್ಲ, ಮೇಲೆ ಅಂಗಳದ ತುಂಬ ನಟ್ಟು ಬೋಲ್ಟು. ಥರ್ಡ್‌ಲಿ ಒಂದಿತ್ತು... ಮರೆತೆ.

ನನಗೆ ಏನೂ ಬಾರದು ಅಂತಲ್ಲ. ಜಿನ್ನಿಂಗ್ ಮಿಲ್ಲಿನಲ್ಲಿದ್ದಾಗ ಆಯಿಲ್ ಎಂಜಿನ್ ಬಿಚ್ಚಿ ಜೋಡಿಸಿದವನೇ. ಹೊಲದ ಪಂಪಿನದನ್ನೂ. ಅವು ಒಂದೇ ಸಿಲಿಂಡರಿನವು, ಇದಕ್ಕೆ ನಾಲ್ಕು. ಒಂದು ಎಮ್ಮೆ ಹಿಂಡಿದವನು ನಾಲ್ಕು ಹಿಂಡಬಲ್ಲ, ಖರೆ. ಆದರೆ ನಾಲ್ಕೂ ಒಟ್ಟಿಗೆ ಒದೆಯಲು ನಿಂತರೆ?

ಮಗಳು ಚೊಚ್ಚಲಿಗೆ ತವರಿಗೆ ಬರದಿದ್ದರೆ ಊರವರು ತಪ್ಪು ತಿಳಿಯುವುದಿಲ್ಲ. ತಾಯಿಯಿಲ್ಲ, ಪಾಪ, ಅನ್ನುತ್ತಾರೆ. ಆ ‘ಪಾಪ’ ನನಗೆ ಬೇಡ. ಹಡೆದು ಬಂದವಳಿಗೆ ಅವಳ ಅವ್ವನ ಕೋಣೆ ಸಿಗಬೇಕು. ಅವ್ವ ಅವಳನ್ನು ಹಡೆದು ಮಲಗಿದ್ದ ಹೊರಸು ಸಿಗಬೇಕು. ಹಗ್ಗ ಬಿಗಿಸಿಟ್ಟಿದ್ದೇನೆ. ಬಿಸಿಲಿಗೆ ಹಾಕಿ ತಿಗಣೆ ಕೊಡವಿದ್ದೇನೆ. ನನಗೆ ಬೇಕಾದದ್ದು ಇಷ್ಟೇ.

ಬಿಚ್ಚುವುದೇ. ಮೇಲಿನದನ್ನಾದರೂ ನಾಳೆಯಿಂದ ಶುರು. ಹೆಡ್ಡಿನ ಮಾತು ಆಮೇಲೆ.


ನವೆಂಬರ್ 15, ಶನಿವಾರ

ಬರೆಯಲು ಆಗಿಲ್ಲ. ಉಗುರಿನಲ್ಲೆಲ್ಲ ಮಸಿ. ಊಟದಲ್ಲೂ ಡೀಸೆಲ್ ವಾಸನೆ.

ಫ್ಯಾನು, ರೇಡಿಯೇಟರು, ಪೈಪುಗಳು ಹೊರಗೆ. ಮನೆಯ ಪಾತ್ರೆಗಳೆಲ್ಲ ಅಂಗಳದಲ್ಲಿ. ಪರಾತದಲ್ಲಿ ದೊಡ್ಡ ಬೋಲ್ಟು, ಉಪ್ಪಿನಕಾಯಿ ತಾಟಿನಲ್ಲಿ ಸಣ್ಣವು, ಸಾಸಿವೆ ಡಬ್ಬಿಯಲ್ಲಿ ವಾಶರ್. ಹಜರತ್ ಬೇವಿನ ಗಿಡದ ಕೆಳಗೆ ಹೊರಸಿನಲ್ಲಿ ಕೂತು ಹುಕುಂ ಮಾಡುತ್ತಾನೆ. ನಾನು ಪುಸ್ತಕ ಎದುರಿಗಿಟ್ಟುಕೊಂಡರೆ ಅವನಿಗೆ ಉರಿ.

‘ರೇಡಿಯೇಟರ್ ಮೊದಲ ಅಂತ ಬರದಾರ ಇಲ್ಲೆ.’

‘ಬರದಾಂವ ಶಲವಡಿ ಬಿಸಲಾಗ ಕುಂತು ಬರದಾನೇನ? ಫ್ಯಾನ್ ಮೊದಲ ಬಿಚ್ಚ ಲೇ.’

ಫ್ಯಾನ್ ಮೊದಲು ಬಿಚ್ಚಲು ಹೋಗಿ ಎರಡೂ ಕೈಯ ಗೆಣ್ಣು ಕೆತ್ತಿತು. ರಕ್ತ ನೋಡಿ ಹಜರತ್ ಗಡ್ಡ ಕೆರೆದುಕೊಂಡ. ‘ರೇಡಿಯೇಟರ್ ಮೊದಲ ತಗೀಬೇಕಿತ್ತ ಬಿಡ.’

ಬರೆಯಲು ಕೂತದ್ದು ಇದಕ್ಕಲ್ಲ. ಇವತ್ತು ಮುಂದಿನ ಜಾಳಿಗೆ ಕಳಚಿದೆ. ತಿರುವಿ ನೋಡಿದರೆ ಹಿಂಬದಿಯ ಪಟ್ಟಿಗಳಲ್ಲಿ ಸಾಲಾಗಿ ಸಣ್ಣ ಸಣ್ಣ ಗಂಟು. ಬಟ್ಟೆಯ ಚಿಂದಿ. ಧೂಳು ಉಜ್ಜಿದೆ — ಬಣ್ಣ ಬಂತು. ಅನ್ನವ್ವನ ಹಳೆಯ ಸೀರೆಗಳ ಅಂಚು. ಕೆಂಪು, ಗುಲಾಬಿ. ಒಂದು ಹಸಿರು — ಶಾಂಭವಿಯನ್ನು ತೊಟ್ಟಿಲಿಗೆ ಹಾಕಿದ ದಿನ ಉಟ್ಟದ್ದು. ವರ್ಷಕ್ಕೊಂದು ಸೀರೆ ಹಳತಾಗಿದೆ, ವರ್ಷಕ್ಕೊಂದು ಗಂಟು ಉಳಿದಿದೆ. ಮಾಲೆಯನ್ನು ಚಿಂದಿಯಿಂದ ಕಟ್ಟಿ, ತೆಗೆಯುವಾಗ ಕೊಯ್ದು ತೆಗೆದಿದ್ದಾಳೆ.

ಕೆಂಪಿನದೊಂದನ್ನು ಎಳೆದೆ. ಹಾಗೇ ಹರಿದು ಬಂತು. ಮೆತ್ತಗಿನ ನೂಲು. ಫ್ಯಾನಿಗೆ ಸಿಕ್ಕಿದ್ದರೂ ಅದೇ ಹರಿದುಹೋಗುತ್ತಿತ್ತು. ನನ್ನ ಗಟ್ಟಿ ಮಾಲು ಹರಿಯಲಿಲ್ಲ. ಬೆಲ್ಟನ್ನು ಹರಿಯಿತು.

ಜುಲೇಖಾಬಿಯನ್ನು ಕೇಳಿದೆ. ಅವಳಿಗೆ ಆಶ್ಚರ್ಯ, ನನಗೆ ಗೊತ್ತಿಲ್ಲವೆಂದು.

‘ಹಬ್ಬಾಗಿ ಮೂರನೇ ದಿನಕ್ಕ ಅನ್ನಕ್ಕ ಕುಡಗೋಲ ಹಿಡದು ಮಾಲಿ ಕೊಯ್ಯಾಕಿ ಅಲ್ರಿ ಅಣ್ಣಾ. ನೀವು ಮಧ್ಯಾಹ್ನ ಉಂಡು ಗೊರಕಿ ಹೊಡೀತಿದ್ರಿ. ಈ ಗ್ವಾಡಿ ಮ್ಯಾಲ ಕುಂತು, ಮಾತಾಡ್ಕೋತ, ಒಣಗಿದ ಹೂ ಅಂಗೈಯಾಗ ತಿಕ್ಕಿ ತಿಕ್ಕಿ ಹಿತ್ತಲದಾಗ ಒಗೀತಿದ್ವಿ. ಮರು ವರ್ಷದ ಹೂ ಮತ್ತೆಲ್ಲಿಂದ ಬರ್ತಿತ್ತು?’

ತಾನಾಗಿಯೇ ಬೆಳೆಯುತ್ತದೆ ಎಂದು ತಿಳಿದಿದ್ದೆ. ಹೋದ ವರ್ಷ ಮಾಲೆಯಿಲ್ಲ, ಈ ವರ್ಷ ಹೂ ಕಡಿಮೆ. ಹೆನ್ಸ್ ಪ್ರೂವ್ಡ್.

ಫ್ಯಾನಿನಿಂದ ಬಿಡಿಸಿದ ಮಾಲೆ ಮೂಲೆಯಲ್ಲಿ ಬಿದ್ದಿತ್ತು. ಎಣ್ಣೆ ಹತ್ತಿದ್ದನ್ನು ಬಿಟ್ಟು ಉಳಿದ ಹೂವನ್ನು ಅಂಗೈಯಲ್ಲಿ ತಿಕ್ಕಿದೆ. ಹಿತ್ತಲಿಗೆ ಎರಚಿದೆ. ಒಂದು ಕೊಡ ನೀರು.

ಮಧ್ಯಾಹ್ನ ಮಲಗಲಿಲ್ಲ.


ನವೆಂಬರ್ 18, ಮಂಗಳವಾರ

ಶಾಂಭವಿಯ ಫೋನು. ‘ಗಾಡಿ ಹೆಂಗೈತಿ ಅಪ್ಪಾ?’

‘ಫಸ್ಟ್ ಕ್ಲಾಸ್.’

ಅನ್ನುವಾಗ ರೇಡಿಯೇಟರ್ ಕಾಲ ಬಳಿ ಬಿದ್ದಿತ್ತು. ಅದರ ಮೇಲೆ ಒಂದು ಕೋಳಿ ಕೂತಿತ್ತು.

‘ಹಂಗ ಅತ್ತಿಗೆ ಹೇಳ್ತೀನಿ.’

‘ಹೇಳ.’

ಮಗಳಿಗೆ ನಾನು ಸುಳ್ಳು ಹೇಳುವವನಲ್ಲ. ಬಾಯಿಂದ ಬಂದದ್ದು ಎಷ್ಟು ಸಲೀಸಾಗಿ ಬಂತೆಂದರೆ... ಇರಲಿ. ಗಾಡಿ ಎದ್ದರೆ ಸುಳ್ಳೂ ಖರೆಯಾಗುತ್ತದೆ. ಪುಸ್ತಕದ ಪುಟ ತಿರುವಿದೆ. ಹೆಡ್ಡಿಗೆ ಬಂದಿದ್ದೇನೆ.


ನವೆಂಬರ್ 20, ಗುರುವಾರ

ಇನ್ನು ಉಳಿದದ್ದು ಹೆಡ್ ಒಂದೇ. ಇಲ್ಲಿಯವರೆಗೆ ಬಿಚ್ಚಿದ್ದನ್ನು ಯಾರೂ ಹಾಕಬಹುದು. ಹೆಡ್ ಎತ್ತಿದ ಮೇಲೆ ಹಾಗಲ್ಲ. ಹುಬ್ಬಳ್ಳಿಗೆ ಒಯ್ದು ಮಟ್ಟ ಹೊಡೆಸಬೇಕು, ಗ್ಯಾಸ್ಕೆಟ್ ಸಿಗಬೇಕು, ಬೋಲ್ಟುಗಳನ್ನು ಒಂದು ಲೆಕ್ಕದಲ್ಲಿ ಬಿಗಿಯಬೇಕು. ಒಂದು ತಪ್ಪಿದರೆ ತೂಕದ ಅಂಗಡಿಯೇ ಗತಿ.

ಗೋಟಿ ಪಾನಾ, ಅಂದರೆ ಸಾಕೆಟ್ ಸ್ಪ್ಯಾನರ್, ಮೊದಲ ಬೋಲ್ಟಿಗೆ ಕೂರಿಸಿದೆ. ಬಲ ಸಾಲದೆಂದು ಅದಕ್ಕೆ ಕಬ್ಬಿಣದ ಪೈಪು ಏರಿಸಿದೆವು. ಹಜರತ್ ಎದ್ದು ನಿಂತುಬಿಟ್ಟಿದ್ದ. ‘ಹಾಕ ಲೇ ಭಾರ! ಊಟಾ ಮಾಡಿಲ್ಲೇನ?’

‘ಬೋಲ್ಟ್ ಮುರದ್ರ?’

‘ಮುರದ್ರ ಕೊರದು ತಗಿಯೂಣು.’

‘ಕೊರಿಯಾಕ ಎಷ್ಟ ದಿನಾ?’

‘ಅದನ್ನ ಮುರದ ಮ್ಯಾಲ ಕೇಳ!’

ಭಾರ ಹಾಕಿದೆ. ಬೋಲ್ಟು ಅಲ್ಲಾಡಲಿಲ್ಲ. ನಾನು ಅಲ್ಲಾಡಿದೆ. ವಯಸ್ಸಿನದ್ದಲ್ಲ ಅದು. ಮೊನ್ನೆ ‘ಫಸ್ಟ್ ಕ್ಲಾಸ್’ ಅಂದಾಗಿನಿಂದ ಹತ್ತಿದ್ದು. ಆ ಕ್ಷಣಕ್ಕೆ ಬೆಳಕಿನಷ್ಟು ಸ್ಪಷ್ಟವಾಗಿ ಕಂಡಿತು — ಒಂದು ಫೋನು ಮಾಡುವುದಕ್ಕೆ ಹೆದರಿ ನಾನು ನಾಲ್ಕು ಸಿಲಿಂಡರು ಬಿಚ್ಚಲು ಹೊರಟಿದ್ದೇನೆ. ರೋಹಿಣಿ ಅಕ್ಕಾರಿಗೆ ಇದ್ದದ್ದು ಇದ್ದ ಹಾಗೆ ಹೇಳುವುದಕ್ಕಿಂತ ನನಗೆ ಎಂಜಿನ್ ಸುಲಭ ಅನ್ನಿಸಿದೆ. ನಾಳೆ ಇದು ಕೂಡದೆ ಹೋದರೆ? ಹೆರಿಗೆಯ ಬ್ಯಾನಿ ಬಂದ ಹೊತ್ತಿಗೆ ಮಗಳು ನನ್ನ ಮಾತು ನಂಬಿ ಕೂತಿರುತ್ತಾಳೆ.

ಪಾನಾ ಕೆಳಗಿಟ್ಟೆ. ‘ಬ್ಯಾಡ ಹಜರತ್. ಬಿಚ್ಚಾಂಗಿಲ್ಲ.’

‘ಏನ ಬಿಚ್ಚಾಂಗಿಲ್ಲ? ಎಲೀ ಹಾಕಿ, ಅನ್ನಾ ಬಡಿಸಿ, ಏಳ ಅಂದಂಗಾತಲ್ಲೋ!’

ಸಿಟ್ಟು ಮಾಡಿ ಹೋದ. ಕರಿ ಕನ್ನಡಕ ಹೊರಸಿನ ಮೇಲೇ ಬಿಟ್ಟು.

ಪಾಪ, ಅವನಿಗೂ ಒಂದು ಕೆಲಸ ಬೇಕಿತ್ತು. ಆದರೆ ನಿಜ ಬರೆಯಬೇಕೆಂದರೆ — ಕೈ ತೊಳೆದಾಗ ಮಸಿಯ ಜೊತೆ ಇನ್ನೇನೋ ಹೋಯಿತು. ಮಾರ್ಗಶಿರದ ಮೊದಲ ಗಾಳಿ ಬೀಸುತ್ತಿದೆ, ಈಗಷ್ಟೇ ಗಮನಕ್ಕೆ ಬಂತು. ಎರಡು ರೊಟ್ಟಿ ಹೆಚ್ಚು ಉಂಡೆ. ನಾಳೆ ಫೋನು.


ನವೆಂಬರ್ 21, ಶುಕ್ರವಾರ

ಬೆಳಿಗ್ಗೆ ಪೂಜೆ ಮುಗಿಸಿ, ನಿಂತೇ ಫೋನು ಮಾಡಿದೆ. ಮಗಳಿಗಲ್ಲ, ನೇರವಾಗಿ ಬೀಗತಿಗೆ.

‘ಅಕ್ಕಾರ, ಒಂದ ಮಾತ ಹೇಳೂದೈತ್ರಿ. ಶಾಂಭವಿಗೆ ಸುಳ್ಳ ಹೇಳೇನಿ. ನಮ್ಮ ಕಾರು ಕೆಟ್ಟೈತಿ. ಎಂಜಿನ್ನ ಹೋಗೈತ್ರಿ.’

ಆ ಕಡೆ ಕುರ್ಚಿ ಎಳೆದು ಕೂತ ಸದ್ದು. ಆಮೇಲೆ ಬಹಳ ನಿಧಾನಕ್ಕೆ — ‘ಹೋಗೈತಿ ಅಂದ್ರ... ನಡಿಯೂದ ಇಲ್ಲೇನ್ರಿ?’

‘ಇಲ್ರಿ.’

‘ಹೆರಿಗಿ ಆಗೂ ಮಟಾ?’

‘ಅದಾದ ಮ್ಯಾಲೂ ಗ್ಯಾರಂಟಿ ಇಲ್ರಿ. ಕ್ಷಮಾ ಮಾಡ್ರಿ ಅಕ್ಕಾರ.’

‘ಬೀಗರ, ದೇವರಾಣಿ ಹೇಳ್ರಿ.’

‘ದೇವರಾಣಿ.’

‘ಶಿವಾ ಶಿವಾ! ಹಂಗಾದ್ರ ಕುಬಸಾ ಮುಗದ ಕೂಡ್ಲೇ ಕಳಸ್ತೀನ್ರಿ. ಎದಿ ಮ್ಯಾಲಿನ ಕಲ್ಲ ಇಳೀತು ನೋಡ್ರಿ!’

ನಾನು ಕೆಳಗೆ ಕೂತೆ. ‘ಅಲ್ರಿ... ಕಾರಿಲ್ಲದ ಮನೀಗೆ ಕಳಸೂದಿಲ್ಲಂತ ನಾ ತಿಳದಿದ್ದೆ.’

‘ಹಂಗ ಯಾರಂದ್ರು? ಆ ಕಾರಿಗೇ ಅಂಜಿ ಕುಂತಾಕಿ ನಾನು!’ ಹೆಡ್ ಮಿಸ್ಟ್ರೆಸ್ ದನಿ ಬಂತು, ತಪ್ಪು ಲೆಕ್ಕ ಮಾಡಿದ ಹುಡುಗನಿಗೆ ಹೇಳುವ ಹಾಗೆ. ‘ಮದುವಿ ಮರುದಿನ ನೆನಸ್ಕೋರಿ. ಎರಡೂ ಕೈ ಬಿಟ್ಟು ಹೊಲಾ ತೋರಸ್ತಿದ್ರಿ. ಎದುರಿಗೆ ಲಾರಿ ಬರಾಕತ್ತಿತ್ತು, ನೀವು ನನ್ನ ಮಾರಿ ನೋಡ್ಕೋತ ಗೋವಿನಜೋಳಕ್ಕ ಯಾವ ಗೊಬ್ಬರಾ ಅಂತ ಹೇಳಾಕತ್ತಿದ್ರಿ. ಅವತ್ತ ಕರದಷ್ಟು ಶಿವನ್ನ ನಾ ಜೀವಮಾನದಾಗ ಕರದಿಲ್ಲ. ಬ್ಯಾನಿ ತಿನ್ನೂ ಹುಡಿಗಿನ್ನ ಅದರಾಗ ಹಾಕ್ಕೊಂಡ ಹೊಂಟ್ರಂದ್ರ ಗತಿ ಏನ್ರಿ? ಬೀಗರಿಗೆ ಮಾರಿ ಮ್ಯಾಲ ಹೇಳಾಕ ಬರತೈತೇನ? ಅದಕ್ಕ ದಿನಾ ಕೇಳ್ತಿದ್ದೆ, ಇನ್ನೂ ನಡೀತೈತೇನ ಅಂತ.’

‘ಮತ್ತ... ತಾಯಿ ಇಲ್ಲದ ಮನಿ ಅಂತ...’

ದನಿ ಮೆತ್ತಗಾಯಿತು. ‘ಅದನ್ನ ನಾವು ಹೆಣ್ಣಮಕ್ಕಳು ಯಾವಾಗೋ ಮುಗಿಸೇವ್ರಿ. ಬಾಣಂತಿ ಎಣ್ಣಿ ನೀರು ಎಲ್ಲಾ ನಾ ನೋಡ್ಕೋತೀನಿ ಅಂತ ಜುಲೇಖಾಬಿ ದೀಪಾವಳಿಗೇ ಫೋನ್ ಮಾಡ್ಯಾರ. ನೂರಾ ಎಂಟಕ್ಕ ಹಚ್ಚಿದ್ರ ಗಾಡಿ ಬಾಗಲಕ್ಕ ಬರತೈತಿ. ನೀವು ಮಾತ್ರ ಅದರ ಸ್ಟೇರಿಂಗ್ ಹಿಡೀಬ್ಯಾಡ್ರಿ, ಅಷ್ಟ.’

ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ಮುಖಕ್ಕೆ ಬಿಸಿ ತಾಗಿದ ಹಾಗಾಯಿತು. ಇಷ್ಟು ವರ್ಷ ಓಡಿಸಿದ್ದೇನೆ, ಒಂದು ಕೋಳಿಗೆ ಗಾಯ ಮಾಡಿಲ್ಲ. ನೆವರ್‌ದಿಲೆಸ್ — ಕಣ್ಣು ಮುಚ್ಚಿ ಕೂತ ಬೀಗತಿಯ ಮುಖ ಕಣ್ಣಿಗೆ ಬಂತು. ನಗು ಬಂತು. ಎಮ್ಮೆ ಮೇಯುವುದು ಬಿಟ್ಟು ತಿರುಗಿ ನೋಡುವಷ್ಟು ನಕ್ಕೆ.

ಕನ್ನಡಕ ಕೊಡುವ ನೆವದಲ್ಲಿ ಹಜರತ್‌ನ ಮನೆಗೆ ಹೋಗಿ ಎಲ್ಲ ಹೇಳಿದೆ. ಸಿಟ್ಟು ಮರೆತು ಬಿದ್ದು ಬಿದ್ದು ನಕ್ಕ. ‘ಲೇ, ನಾ ಎಂದರ ನಿನ್ನ ಬಾಜೂ ಕುಂತೇನೇನ? ಯಾವಾಗ್ಲೂ ಹಿಂದ! ಯಾಕಂತ ಒಮ್ಮೆರ ಕೇಳೀಯೇನ?’

ಕೇಳಿರಲಿಲ್ಲ. ನನ್ನ ಬಾಜೂ ಎಂದೂ ಕಣ್ಣು ಮುಚ್ಚದೆ ಕೂತವಳು ಅನ್ನವ್ವ ಒಬ್ಬಳೇ. ‘ಹೊಲಾ ಆಮ್ಯಾಲ ನೋಡಾಕ ಬರತೈತಿ, ರಸ್ತೆ ನೋಡ್ರಿ’ ಅನ್ನುತ್ತಿದ್ದಳು. ಮಾತಿಗೊಮ್ಮೆ. ಅದು ಮಾತಾಡುವ ರೀತಿ ಅಂದುಕೊಂಡಿದ್ದೆ.

ಹೊರಡುವಾಗ ಹಜರತ್ ಕೇಳಿದ. ‘ಹಂಗಾದ್ರ ಎಂಜಿನ್?’

‘ಬಿಚ್ಚೂಣು. ಅವಸರ ಇಲ್ಲದಾಗ.’


ನವೆಂಬರ್ 30, ಭಾನುವಾರ

ಕುಬಸ ಮುಗಿಯಿತು. ಹಸಿರು ಸೀರೆ, ಹಸಿರು ಬಳೆ, ಮುಡಿಯ ತುಂಬ ಹೂ. ಅಳಿಯ ಪ್ರಭು ಬಾಡಿಗೆ ಕಾರು ಹಿಡಿದು ನಮ್ಮಿಬ್ಬರನ್ನೂ ಕರೆತಂದು ಬಿಟ್ಟ. ರೋಹಿಣಿ ಅಕ್ಕಾರು ನನ್ನನ್ನು ಹಿಂದಿನ ಸೀಟಿಗೆ ತಾವೇ ಹತ್ತಿಸಿ ಬಾಗಿಲು ಹಾಕಿದರು.

ಅಂಗಳಕ್ಕೆ ಕಾಲಿಟ್ಟವಳೇ ಶಾಂಭವಿ ಕಿರುಚಿದಳು. ‘ಅಪ್ಪಾ! ಅವ್ವನ ಪರಾತದಾಗ ಬೋಲ್ಟು!’

‘ತೊಳದು ಕೊಡ್ತೀನಿ ಬೇ.’

‘ಇನ್ನ ಅದರಾಗ ಹಿಟ್ಟ ನಾದಾಕ ಬರತೈತೇನ? ಫಸ್ಟ್ ಕ್ಲಾಸ್ ಅಂತ ಫಸ್ಟ್ ಕ್ಲಾಸ್!’

ಬೈಸಿಕೊಂಡೆ. ಮನೆಯಲ್ಲಿ ಬೈಯುವ ದನಿ ಕೇಳಿ ಬಹಳ ದಿನವಾಗಿತ್ತು. ಜಾಳಿಗೆಯ ಗಂಟು ತೋರಿಸಿದೆ. ಹಸಿರನ್ನು ಮುಟ್ಟಿ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ಸುಮಾರು ಹೊತ್ತು ನಿಂತಿದ್ದಳು. ಚೆಂಡುಹೂ ಎರಡೆಲೆ ಒಡೆದಿದೆ.


ಡಿಸೆಂಬರ್ 19. ಎಳ್ಳಮಾಸಿ

ಹೊಲಕ್ಕೆ ಚರಗ ಚೆಲ್ಲಲು, ಭೂಮಿತಾಯಿಗೆ ಎಡೆ ಕೊಡಲು, ಹೋಗಿದ್ದೆವು. ಗುಡದಪ್ಪನ ಚಕ್ಕಡಿ, ಅದರಲ್ಲಿ ಹುಲ್ಲು ಹಾಸಿ, ಹುಲ್ಲಿನ ಮೇಲೆ ಕೌದಿ ಹಾಸಿ ಮಗಳು. ಎತ್ತಿನ ನಡಿಗೆಗೂ ‘ಸಾವಕಾಶ, ಸಾವಕಾಶ’ ಎಂದು ಜುಲೇಖಾಬಿ. ಸಜ್ಜಿ ರೊಟ್ಟಿ, ಎಣ್ಣಗಾಯಿ, ಕಡುಬು. ಕಡಲೆ ಮೊಣಕಾಲಿಗೆ ಬಂದಿದೆ. ಜೋಳ ಎದೆಯೆತ್ತರ. ಕಾರಿದ್ದರೆ ಇಷ್ಟು ನಿಧಾನ ನೋಡುತ್ತಿರಲಿಲ್ಲ.

ಹೊತ್ತು ಮುಳುಗುವ ಮೊದಲು ಮನೆ. ಮಗಳಿಗೆ ಕಾಲು ಬಾವು. ಬಿಸಿನೀರು ಇಟ್ಟುಕೊಟ್ಟೆ.


ಜನವರಿ 6, ಮಂಗಳವಾರ

ಹೆಣ್ಣುಕೂಸು. ತಾಯಿ ಕೂಸು ಇಬ್ಬರೂ ಆರಾಮ.

ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಔಷಧಿ ಚೀಟಿಯ ಹಿಂದೆ. ಆಮೇಲೆ ಅಂಟಿಸಬೇಕು. ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದವಳು ಗೋಡೆ ಹಿಡಿದಳು. ನೂರಾ ಎಂಟಕ್ಕೆ ಹಚ್ಚಲು ಹೋದೆ. ನಂಬರು ಒತ್ತುವಾಗ ಮೂರು ಸಲ ತಪ್ಪಿತು. ಜುಲೇಖಾಬಿ ಫೋನು ಕಸಿದು ತಾನೇ ಹಚ್ಚಿದಳು. ಗಾಡಿ ಬಾಗಿಲಿಗೇ ಬಂತು. ಒಳಗೆ ಅವರಿಬ್ಬರು, ನಾನು ಡ್ರೈವರಿನ ಬಾಜೂ.

ಆ ಹುಡುಗ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಎರಡೂ ಕೈ ಸ್ಟೇರಿಂಗ್ ಮೇಲೆ. ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. ಗುಡದಪ್ಪನ ಹೊಲ ಬಂತು, ಹೋಯಿತು. ನಾನೂ ನೋಡಲಿಲ್ಲ. ಶಿವಾ ಶಿವಾ ಅನ್ನುತ್ತಿದ್ದೆ.

ರೋಹಿಣಿ ಅಕ್ಕಾರಿಗೆ ಫೋನಿನಲ್ಲಿ ತಿಳಿಸಿದೆ. ಅಳುತ್ತಿದ್ದರು. ನಾನೂ.


ಜನವರಿ 21, ಬುಧವಾರ. ಮಧ್ಯಾಹ್ನ

ಹಜರತ್‌ನ ಕಣ್ಣಿಗೆ ಡಾಕ್ಟರ್ ಪರವಾನಗಿ ಕೊಟ್ಟರು — ಬಾಗಬಹುದು. ಬಂದವನೇ ಬಾಗಿ ತೋರಿಸಿದ. ಜುಲೇಖಾಬಿ ಕೂಸಿಗೆ ನೀರು ಹಾಕಿ ಹೋಗುವಾಗ ಗಂಡನನ್ನು ನೋಡಿ, ‘ಮುದುಕಗ ಹಬ್ಬ ಬಂತು’ ಅಂದಳು.

ಭಾನುವಾರ ಕೂಸನ್ನು ತೊಟ್ಟಿಲಿಗೆ ಹಾಕುವುದು. ಬೀಗತಿ ಬರುತ್ತಾರೆ. ನಿನ್ನೆ ಫೋನಿನಲ್ಲಿ, ‘ಬೀಗರ, ಕಾರು ಹೆಂಗೈತ್ರಿ?’

‘ನಾಳೆ ಪೂರಾ ಬಿಚ್ಚವರದೀವ್ರಿ ಅಕ್ಕಾರ.’

‘ಛಲೋ ಆತು. ಸಾವಕಾಶ ಬಿಚ್ಚರಿ.’

ಅದೇ ಬೋಲ್ಟು, ಅದೇ ಪಾನಾ, ಅದೇ ಪೈಪು. ಹಜರತ್ ಒಂದು ಕಡೆ, ನಾನೊಂದು ಕಡೆ. ಮುರಿದರೆ ಮುರಿಯಲಿ. ಯಾರೂ ಕಾದು ಕೂತಿಲ್ಲ. ಭಾರ ಹಾಕಿದೆವು. ಕಿರ್ರ್ ಅಂದಿತು — ಮುರಿಯಲಿಲ್ಲ, ಸಡಿಲಾಯಿತು! ಹಜರತ್ ಕುಣಿದೇ ಬಿಟ್ಟ. ಒಂದು ಬಂತು. ಉಳಿದವು ಇವತ್ತೋ ನಾಳೆಯೋ ಬರುವ ಸಂಕ್ರಾಂತಿಗೋ. ಹೊಸ ಪರಾತ ತಂದಿದ್ದೇನೆ, ಬೋಲ್ಟಿಗೇ ಬೇರೆ. ಗಾಡಿ ಎದ್ದರೆ ನಾನು ಹಿಂದೆ ಕೂರುವುದು, ಹಜರತ್ ಓಡಿಸುವುದು — ಇದು ಶಾಂಭವಿಯ ಹುಕುಂ. ಒಪ್ಪಿದ್ದೇನೆ. ಹಿಂದೆ ಕೂತರೆ ಹೊಲ ನೋಡಬಹುದು.

ಹಿತ್ತಲಿನ ಚೆಂಡುಹೂ ಮೊಣಕಾಲೆತ್ತರ. ಮೊಗ್ಗು ಬಿರಿಯುತ್ತಿವೆ. ಭಾನುವಾರ ತೊಟ್ಟಿಲಿಗೆ ಸಾಕಾಗಬಹುದು. ಕಟ್ಟಲು ಹಳೆಯ ಸೀರೆ ತೆಗೆದಿಟ್ಟಿದ್ದೇನೆ. ಮೂರನೆಯ ದಿನ ಮರೆಯದೆ...

ಕೂಸು ಎದ್ದಿತು. ಶಾಂಭವಿ ಮಲಗಿದ್ದಾಳೆ, ಏಳಿಸುವುದು ಬೇಡ, ನಾನೇ ಎತ್ತಿಕೊಳ್ಳುತ್ತೇನೆ. ಕೈ ತುಂಬ ಗ್ರೀಸು. ಬಂದೆ ಬಂದೆ, ಮೊದಲು ಸೋಪು ಹಚ್ಚಿ —